ಹಸಿರು ಬಳೆಯ ಎಡೆ

ಹಗ್ಗ ಎಳೆದದ್ದೇ ತಡ, ಸ್ಮಶಾನ ಮೇಲಕ್ಕೆದ್ದುಬಿಟ್ಟಿತು.

ನಾನು ಎಳೆದದ್ದು ಟವೆಲ್ ಒಣಹಾಕಲು. ಆ ಮನೆಗೆ ಸಾಮಾನು ತಂದಿಳಿಸಿ ಇನ್ನೂ ಗಂಟೆಯಾಗಿರಲಿಲ್ಲ. ಮೂಲೆಯಲ್ಲಿ ಒಂದು ಹಗ್ಗ ಸುಮ್ಮನೆ ತೂಗಾಡುತ್ತಿತ್ತು. ಆಚೆ ಮೊಳೆಗೆ ಬಿಗಿದರೆ ಕೆಲಸಕ್ಕೆ ಬಂದೀತು ಎಂದು ಜಗ್ಗಿದೆ. ಸೂರಿನಲ್ಲೆಲ್ಲೋ ರಾಟೆ ಕಿರ್ರೆಂದಿತು. ಉರಿಯುವ ಚಿತೆ, ತಲೆಬುರುಡೆ, ಬೋಳು ಮರ ಬರೆದಿದ್ದ ನನ್ನ ಕೋಣೆಯ ಗೋಡೆ ಸುರುಳಿ ಸುತ್ತಿಕೊಂಡು ಹೋಗಿ ಜಂತಿಗೆ ತಾಗಿ ನಿಂತಿತು.

ಅದು ಗೋಡೆಯೇ ಅಲ್ಲ, ನಾಟಕದ ಪರದೆ. ಅದರಾಚೆಗೆ ಪಕ್ಕದ ಬಾಡಿಗೆದಾರ, ಹಾರ್ಮೋನಿಯಂ ಮೇಷ್ಟ್ರು ಮಹದೇವಪ್ಪನವರ ಕೋಣೆ.

ಕೋಣೆಯಲ್ಲಿ ಯಾರೂ ಇರಲಿಲ್ಲ. ಬಾಗಿಲು ಮುಚ್ಚಿತ್ತು. ಸಾಂಬ್ರಾಣಿ ಹೊಗೆ ಇನ್ನೂ ಕೆಳಗೇ ಸುತ್ತುತ್ತಿತ್ತು. ನೆಲದ ಮೇಲೆ ಬಾಳೆಯೆಲೆ ಹಾಸಿ ಎಡೆ ಬಡಿಸಿದ್ದರು.

ಅವತ್ತು ಮಾರ್ಲಮಿ ಅಮಾವಾಸ್ಯೆ. ನಮ್ಮ ಕಡೆ ತೀರಿಕೊಂಡವರು ಊಟಕ್ಕೆ ಬರುವ ದಿನ. ಅವರವರು ಬದುಕಿದ್ದಾಗ ಇಷ್ಟಪಟ್ಟದ್ದನ್ನೆಲ್ಲ ಬಡಿಸಿ, ಉಡಲು ಬಟ್ಟೆಯಿಟ್ಟು, ಧೂಪ ಹಾಕಿ, ಅವರು ನಾಚಿಕೊಳ್ಳದೆ ಉಣ್ಣಲಿ ಎಂದು ಬಾಗಿಲು ಮುಚ್ಚಿಕೊಂಡು ಮನೆಯವರೆಲ್ಲ ಹೊರಗೆ ಕೂರುತ್ತಾರೆ. ಆ ಹೊತ್ತಿನಲ್ಲಿ ಒಳಗೆ ಇಣುಕುವುದು ಮಹಾ ಅಪಚಾರ. ನಾನು ಇಣುಕಿದ್ದೇನು ಬಂತು, ಗೋಡೆಯನ್ನೇ ಎತ್ತಿ ಹಾಕಿದ್ದೆ.

ಹಗ್ಗ ಬಿಟ್ಟು ನೋಡಿದೆ, ಸ್ಮಶಾನ ಇಳಿಯಲಿಲ್ಲ. ಮತ್ತೆ ಜಗ್ಗಿದೆ, ರಾಟೆ ಕಚ್ಚಿಕೊಂಡಿತ್ತು. ಸರಿ, ಮಾಡಿದ ಪಾಪ ಮಾಡಿಯಾಗಿದೆ ಎಂದು ಎಲೆಗಳ ಕಡೆ ಕಣ್ಣು ಹಾಯಿಸಿದೆ. ಪೊಲೀಸ್ ಕೆಲಸ ಬಿಟ್ಟು ವರ್ಷಗಳಾದರೂ ಕಣ್ಣಿಗೆ ಆ ಚಾಳಿ ಬಿಟ್ಟಿಲ್ಲ.

ಮೇಷ್ಟ್ರ ಮನೆತನದ ಬಗ್ಗೆ ಬರುವ ಮೊದಲೇ ವಿಚಾರಿಸಿಕೊಂಡಿದ್ದೆ. ಮೊದಲನೆಯ ಎಲೆ ಅವರ ತಂದೆಯದು. ಪಂಚೆ, ಬೀಡಿ ಕಟ್ಟು, ಬಾಡಿನ ಸಾರು, ಒಂದು ಕ್ವಾರ್ಟರ್ ಬಾಟಲಿ. ಪಕ್ಕದ್ದು ತಾಯಿ ಕೆಂಪಾಜಮ್ಮನದು. ಗಂಡ ಸತ್ತ ಮೇಲೆ ಆಕೆ ಉಡುತ್ತಿದ್ದ ಬಿಳಿ ಸೀರೆ, ಎಲೆ ಅಡಿಕೆ, ಕಡ್ಡಿಪುಡಿ.

ಅದರಾಚೆ ಇನ್ನೊಂದು ಎಲೆ. ರವಿಕೆ ಕಣ, ಅರಿಶಿನ ಕುಂಕುಮ, ಒಂದು ಮೊಳ ಕನಕಾಂಬರ, ಒಂದು ಪೊಟ್ಟಣ ಪೆಪ್ಪರಮಿಂಟು. ಎಲೆಯ ತುದಿಗೆ ಹಸಿರು ಗಾಜಿನ ಬಳೆಗಳು.

ಮೇಷ್ಟ್ರಿಗೆ ಅಕ್ಕತಂಗಿಯರಿಲ್ಲ. ಹೆಂಡತಿ ಮೈಸೂರಿನಲ್ಲಿ ಮಗಳ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದಾರೆ. ಹಾಗಾದರೆ ಬಳೆ ತೊಟ್ಟುಕೊಂಡೇ ಸತ್ತ ಈ ಹೆಣ್ಣು ಯಾರು?

ನನಗೆ ಉತ್ತರ ಗೊತ್ತು ಅನ್ನಿಸಿತು. ನಾನು ಆ ಮನೆಗೆ ಬಂದದ್ದೇ ಆ ಉತ್ತರಕ್ಕಾಗಿ.

ಹುಣಸೂರಿನಲ್ಲಿ ಲಕ್ಷ್ಮಣತೀರ್ಥದ ದಡದ ಈ ಕಟ್ಟಡಕ್ಕೆ ಜನ ವೇಷದ ಮನೆ ಎನ್ನುತ್ತಾರೆ. ಮೊದಲು ಹೊಗೆಸೊಪ್ಪಿನ ಗೋಡೌನು. ಆಮೇಲೆ ಒಂದು ನಾಟಕ ಕಂಪನಿ ಬಿಡಾರ ಹೂಡಿತು, ಹೂಡಿದ್ದು ಮತ್ತೆ ಏಳಲಿಲ್ಲ. ಗೋಡೆ ಕಟ್ಟಿಸಲು ಗತಿಯಿಲ್ಲದೆ ಪರದೆ ಇಳಿಬಿಟ್ಟು ಕೋಣೆ ಮಾಡಿಕೊಂಡರು. ಹಾಗಾಗಿ ಇಂದಿಗೂ ಇಲ್ಲಿ ಅರಮನೆ, ಉದ್ಯಾನ, ರಾಜಬೀದಿ, ಸ್ಮಶಾನ ಎಂದೇ ಕೋಣೆಗಳ ಹೆಸರು. ಸ್ಮಶಾನಕ್ಕೆ ಬಾಡಿಗೆಗೆ ಯಾರೂ ಬರುವುದಿಲ್ಲವಾದ್ದರಿಂದ ಅದು ನನಗೆ ಸುಲಭಕ್ಕೆ ಸಿಕ್ಕಿತು.

ಕಿಟಕಿ ತೆಗೆಯಲು ಹೋದರೆ ಅದು ಬರೆದ ಕಿಟಕಿ, ಬೆರಳು ಜಜ್ಜಿಕೊಂಡದ್ದೇ ಲಾಭ. ನಡುಮನೆಯಲ್ಲೊಂದು ಮೆಟ್ಟಿಲ ಸಾಲಿದೆ. ಹತ್ತಿದರೆ ಎಲ್ಲಿಗೂ ಹೋಗುವುದಿಲ್ಲ, ರಾಜ ಇಳಿದು ಬರಲಿಕ್ಕೆ ಮಾಡಿಸಿದ್ದಂತೆ. ಒಂದು ಕಾಲಕ್ಕೆ ಇಲ್ಲಿ ಎಲ್ಲ ಜಾತಿಯವರೂ ಒಂದೇ ಹಂಡೆಯ ಅನ್ನ ಉಂಡರು, ರಾಮನೂ ರಾವಣನೂ ಒಂದೇ ಬೀಡಿಯನ್ನು ಹಂಚಿಕೊಂಡು ಸೇದಿದರು, ಮದುವೆಯಾಗದವರು ಒಟ್ಟಿಗಿದ್ದರು, ಮದುವೆಯಾದವರು ಬೇರೆ ಬೇರೆ ಇದ್ದರು. ಊರಿನ ಮರ್ಯಾದಸ್ಥರು ಹಗಲಲ್ಲಿ ಈ ಬೀದಿಗೆ ಮಕ್ಕಳನ್ನು ಬಿಡುತ್ತಿರಲಿಲ್ಲ, ಸಂಜೆ ತಾವೇ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು.

ಆ ಕಂಪನಿಯಲ್ಲಿ ಉಳಿದವರು ಇಬ್ಬರೇ. ಒಬ್ಬರು ಮಹದೇವಪ್ಪ ಮೇಷ್ಟ್ರು. ಇನ್ನೊಬ್ಬರು ಉದ್ಯಾನದ ಕೋಣೆಯ ಸುನಂದಮ್ಮ. ಪೊಲೀಸ್ ಬಿಟ್ಟ ಮೇಲೆ ಕಾಣೆಯಾದವರನ್ನು ಹುಡುಕಿಕೊಡುವ ಕೆಲಸಕ್ಕಿಳಿದಿದ್ದ ನನ್ನನ್ನು ಮೈಸೂರಿನಿಂದ ಕರೆಸಿ, ಇನ್ಶೂರೆನ್ಸ್ ಏಜೆಂಟ್ ರೂಪಶ್ರೀ ಎಂದು ಸುಳ್ಳು ಹೇಳಿಸಿ ಇಲ್ಲಿ ಇಳಿಸಿದವರು ಅವರೇ.

ಸುನಂದಮ್ಮನ ತಂಗಿ ಮಂಗಳಾ ಈ ಮನೆಯಿಂದ ಕಾಣೆಯಾಗಿ ಮೂವತ್ತು ವರ್ಷ ದಾಟಿತು. ಪರದೆ ಬರೆಯುತ್ತಿದ್ದ ಕೇರಳದವನ ಜೊತೆ ಓಡಿಹೋದಳು ಎಂದು ಊರು ಆಡಿಕೊಂಡಿತು. ಅವಳನ್ನು ತಾವೇ ಮಡಿಕೇರಿ ಬಸ್ಸು ಹತ್ತಿಸಿ ಬಂದದ್ದಾಗಿ ಮೇಷ್ಟ್ರು ಅಂದಿನಿಂದ ಇಂದಿನವರೆಗೂ ಒಂದೇ ಮಾತು ಹೇಳುತ್ತಿದ್ದರು. ಮಂಗಳಾಳಿಂದ ಮಾತ್ರ ಒಂದು ಸುದ್ದಿಯೂ ಇಲ್ಲ.

ಸುನಂದಮ್ಮ ನನ್ನಲ್ಲಿ ಕೇಳಿದ್ದು ಒಂದೇ. ಹುಡುಕಿ ಕರೆತಾ ಎಂದಲ್ಲ, ಯಾರಿಗಾದರೂ ಶಿಕ್ಷೆ ಕೊಡಿಸು ಎಂದೂ ಅಲ್ಲ. ತಂಗಿಗೆ ಎಡೆ ಇಡಬೇಕೋ ಬೇಡವೋ, ಅಷ್ಟು ಹೇಳು ಎಂದರು. ಸತ್ತಿದ್ದರೆ ಅವಳು ಇಷ್ಟು ವರ್ಷ ಉಪವಾಸ ಇದ್ದಾಳೆ. ಬದುಕಿದ್ದರೆ, ಎಡೆ ಇಟ್ಟ ಕೈ ಅವಳನ್ನು ಕೊಂದಂತೆ. ಆಕೆಯ ಹೃದಯ ಸೊರಗಿದೆ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. "ಮುಂದ್ಲೊರ್ಸದ ಮಾರ್ಲಮಿಗೆ ನಾನು ಎಡೆ ಇಡೋಳಲ್ಲ ಕಣವ್ವ, ಎಡೆ ಉಣ್ಣೋಳು" ಎಂದು ನಕ್ಕಿದ್ದರು.

ಈಗ ನೋಡಿದರೆ, ಬದುಕಿದ್ದಾಳೆ ಎಂದು ಸಾಧಿಸುತ್ತಾ ಬಂದ ಮನುಷ್ಯನ ಕೋಣೆಯಲ್ಲೇ, ಹೆಸರಿಲ್ಲದ ಹೆಣ್ಣಿಗೆ ಎಡೆ.

ನಾನು ಬಗ್ಗಿ ಒಂದು ಬಳೆಯನ್ನು ಎತ್ತಿಕೊಂಡೆ. ಸಾಕ್ಷಿ ಬೇಕಲ್ಲ. ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ. ಅಷ್ಟರಲ್ಲಿ ಬಾಗಿಲ ಮೇಲೆ ಮೆಲ್ಲಗೆ ಬಡಿದ ಸದ್ದಾಯಿತು. ಒಳಗಿರುವ ಹಿರಿಯರಿಗೆ ಎಚ್ಚರಿಕೆ ಕೊಡದೆ ಯಾರೂ ಬಾಗಿಲು ತೆಗೆಯುವುದಿಲ್ಲ. ಮೇಷ್ಟ್ರು ಕೆಮ್ಮಿ, ಸ್ವಲ್ಪ ಹೊತ್ತು ಕಾದು, ಬಾಗಿಲು ತಳ್ಳಿದರು.

ಹಿರಿಯರ ಬದಲಿಗೆ ನಾನಿದ್ದೆ.

ಎಪ್ಪತ್ತು ದಾಟಿದ ಮುದುಕರು. ಒಗೆದ ಜುಬ್ಬ, ಹೆಗಲ ಮೇಲೆ ಟವೆಲ್ಲು. ಅವರು ನನ್ನನ್ನು ನೋಡಿದರು, ಸೂರಿಗೇರಿದ ಸ್ಮಶಾನವನ್ನು ನೋಡಿದರು, ಕೊನೆಗೆ ನನ್ನ ಕಾಲನ್ನು ನೋಡಿದರು.

"ಚಪ್ಲಿ ಬುಡಿ ಕಣಮ್ಮ. ಎಡೆ ಮುಂದೆ ನಿಂತಿದ್ದೀರಿ."

ನಾಚಿಕೆಯಿಂದ ಬಿಟ್ಟೆ. ನಾನು ಇನ್ಶೂರೆನ್ಸಿನವಳಲ್ಲ ಎಂದು ಶುರುಮಾಡುವಷ್ಟರಲ್ಲಿ, ಅದು ತಮಗೆ ನಾನು ಸಾಮಾನು ಇಳಿಸುವಾಗಲೇ ಗೊತ್ತಾಯಿತು ಎಂದರು. ಇನ್ಶೂರೆನ್ಸಿನವರು ಯಾರೂ ಸ್ಮಶಾನ ಬಾಡಿಗೆಗೆ ಹಿಡಿಯುವುದಿಲ್ಲವಂತೆ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

"ಈ ಎಲೆ ಯಾರದು ಮೇಷ್ಟ್ರೇ?"

ಅವರು ಟವೆಲ್ಲನ್ನು ತೆಗೆದು ಕೈಗೆ ಸುತ್ತಿಕೊಂಡರು, ಬಿಚ್ಚಿದರು, ಮತ್ತೆ ಸುತ್ತಿಕೊಂಡರು.

"ಈ ಮನೇಲೇ ಓಡಾಡ್ಕೊಂಡಿದ್ದೋಳು. ಪಾಪದ ಕೂಸು."

"ಮಂಗಳಾ ಅಲ್ವಾ?"

ಮೇಷ್ಟ್ರು ತಲೆಯೆತ್ತಿ ನನ್ನನ್ನು ನೋಡಿದರು. ಠಾಣೆಯಲ್ಲಿ ಎಷ್ಟೋ ಜನರ ಎದುರು ಕೂತವಳು ನಾನು. ಸುಳ್ಳು ಹೊಂದಿಸುವ ಮುಖ ಯಾವುದು, ಸೋತ ಮುಖ ಯಾವುದು ಎಂದು ನನಗೆ ಗೊತ್ತು ಎಂಬ ಜಂಬ ಬೇರೆ. ಆ ನೋಟವನ್ನು ನಾನು ಪಶ್ಚಾತ್ತಾಪ ಎಂದುಕೊಂಡೆ.

"ನಿಮ್ಗೆ ಅಂಗನ್ನಿಸ್ತದಾ?" ಎಂದರು.

"ನನಗೆ ಅನ್ನಿಸೋದು ಬೇಡ. ಬಸ್ಸು ಹತ್ತಿಸಿ ಬಂದೆ ಅಂತ ಲೋಕಕ್ಕೆಲ್ಲ ಹೇಳ್ಕೊಂಡು ಬಂದಿದ್ದೀರಿ. ಬದುಕಿರೋಳಿಗೆ ಯಾರಾದ್ರೂ ಎಡೆ ಇಡ್ತಾರಾ?"

"ಬಸ್ಸು ಹತ್ಸಿದ್ದು ಸುಳ್ಳಲ್ಲ ಕಣಮ್ಮ." ಅವರು ಎಲೆಯ ಕಡೆ ತಿರುಗಿದರು. "ಬದ್ಕಿರೋರ್ಗೆ ಯಾರೂ ಎಡೆ ಇಡಲ್ಲ. ಅದೂ ಸುಳ್ಳಲ್ಲ."

ಅಷ್ಟು ಹೇಳಿ ಅವರು ಎಲೆಯ ಮುಂದೆ ಕುಸಿದು ಕೂತರು. ಅಳು ಬಂತು. ಗಂಡಸರು ಅಳುವಾಗ ಮುಖ ಮುಚ್ಚಿಕೊಳ್ಳುತ್ತಾರೆ, ಇವರು ಮುಚ್ಚಿಕೊಳ್ಳಲಿಲ್ಲ. ಮಗು ಅಳುವ ಹಾಗೆ ಬಾಯಿ ತೆರೆದು ಅತ್ತರು. ಮುಂದಿನ ಪ್ರಶ್ನೆಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು, ಕೇಳಲಾಗಲಿಲ್ಲ.

ಅಳು ನಿಂತ ಮೇಲೆ ಅವರೇ ಹೇಳಿದರು. ನಾಳೆ ಬೆಳಿಗ್ಗೆ ಎಲ್ಲವನ್ನೂ ಹೇಳುತ್ತಾರಂತೆ, ನಾನು ಕರೆದರೆ ಠಾಣೆಗೂ ಬರುತ್ತಾರಂತೆ. ಇವತ್ತು ಹಬ್ಬ ಕೆಡಿಸುವುದು ಬೇಡ.

"ಸುನಂದಕ್ಕಂಗೆ ಹೇಳ್ಬುಡಿ, ಎಡೆ ಇಡ್ಲಿ. ಕಾಯ್ದಿದ್ದು ಸಾಕು ಆಯಮ್ಮ."

ಎಲ್ಲಿ, ಹೇಗೆ, ಯಾರಿಂದ ಎಂದು ಕೇಳದೆ ಆ ಕೋಣೆಯಿಂದ ಹೊರಬಿದ್ದೆ. ಹೊತ್ತು ಇಳಿಯುತ್ತಿತ್ತು. ಕತ್ತಲಾದರೆ ಕಾಗೆ ಬರುವುದಿಲ್ಲ, ಕಾಗೆ ಮುಟ್ಟದಿದ್ದರೆ ಎಡೆ ಇಟ್ಟೂ ಇಟ್ಟಂತಾಗುವುದಿಲ್ಲ. ಅವತ್ತು ಆ ಒಂದು ಅವಸರ ನನ್ನ ಬುದ್ಧಿಯನ್ನು ತಿಂದುಹಾಕಿತು.

ಸುನಂದಮ್ಮ ತಮ್ಮ ತಂದೆತಾಯಿಗೆ ಎಲೆ ಹಾಸಿ ಬಡಿಸಲು ಕೂತಿದ್ದರು. ಹಿಂದೆ ಉದ್ಯಾನದ ಪರದೆ, ಬಣ್ಣ ಮಾಸಿದ ನವಿಲು. ಗೋಡೆಗೊರಗಿಸಿ ಇನ್ನೊಂದು ಎಲೆ ಇತ್ತು, ತೊಳೆದು ಸುರುಳಿ ಸುತ್ತಿದ್ದು. ಪ್ರತಿ ವರ್ಷ ಅದೊಂದನ್ನು ಹೆಚ್ಚಿಗೆ ತರಿಸುತ್ತಾರೆ. ಹಾಸಲು ಧೈರ್ಯವಾಗದೆ ಸಂಜೆ ದನಕ್ಕೆ ಹಾಕುತ್ತಾರೆ.

ನಾನು ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಕೈ ಹಿಡಿದುಕೊಂಡು ಹೇಳಿದ್ದಷ್ಟೇ ನೆನಪು.

ಆಕೆ ಅಳಲಿಲ್ಲ. ಎಲ್ಲಿ ಸತ್ತಳಂತೆ, ಹೇಳಿದನೇ ಮಹದೇವಪ್ಪ ಎಂದು ಕೇಳಿದರು. ನಾಳೆ ಹೇಳುತ್ತಾರಂತೆ ಎಂದೆ. ಸೌಟು ಕೆಳಗಿಟ್ಟು, ಗೋಡೆಗೊರಗಿಸಿದ್ದ ಎಲೆಯನ್ನು ಕೈಗೆತ್ತಿಕೊಂಡರು.

"ಓಗ್ಲಿ ಬುಡು. ಮೊದ್ಲು ಉಣ್ಣಕ್ಕಿಡಾಣ. ಏಸೊರ್ಸದ ಹಸಿವೋ."

ಆಮೇಲೆ ಆಕೆಗೆ ಎಲ್ಲಿಲ್ಲದ ಶಕ್ತಿ ಬಂತು. ಮಂಗಳಾಳಿಗೆ ಒಣಮೀನು ಹುರಿದು ಹಾಕಿದರೆ ಬೇರೇನೂ ಬೇಡ, ಸಿಹಿ ಕಂಡರಾಗದು, ಊಟವಾದ ಮೇಲೆ ಬೀಡಿ ಬೇಕೇ ಬೇಕು. ಬೀಡಿಗೆ ನಾನೇ ಅಂಗಡಿಗೆ ಓಡಿದೆ. ದಾರಿಯುದ್ದಕ್ಕೂ ಹೊಗೆಸೊಪ್ಪು ಬೇಯುವ ವಾಸನೆ, ಪ್ರತಿ ಮನೆಯ ಹೊರಗೂ ಬಾಗಿಲು ಮುಚ್ಚಿಕೊಂಡು ಕಾಯುತ್ತಿದ್ದ ಜನ. ನಾನು ಬರುವಷ್ಟರಲ್ಲಿ ಮೀನು ಹುರಿದಾಗಿತ್ತು, ಸುತ್ತಿಟ್ಟ ಎಲೆ ಹಾಸಿಯಾಗಿತ್ತು.

ಎಲೆಯ ಹಿಂದೆ ಒಂದು ಫೋಟೋ ಒರಗಿಸಿದ್ದರು. ಗದೆ ಹೊತ್ತ ಭೀಮ. ಮೀಸೆಯೊಳಗೆ ನಗುತ್ತಿದ್ದ ಆ ಭೀಮನೇ ಮಂಗಳಾ. ಭೀಮನ ಪಾತ್ರದವನು ಕುಡಿದು ಬಿದ್ದ ದಿನ ಆ ವೇಷ ತೊಟ್ಟವಳು, ಆಮೇಲೆ ಯಾರಿಗೂ ಬಿಟ್ಟುಕೊಡಲಿಲ್ಲವಂತೆ. ಆರಡಿ ಆಳು. ಅವಳ ಅಂಗೈಗೆ ಆಗುವ ಬಳೆ ಹುಣಸೂರು ಸಂತೆಯಲ್ಲಿ ಸಿಗದೆ ಬಳೆಗಾರ್ತಿ ಸಣ್ಣತಾಯಮ್ಮ ಮೈಸೂರಿನಿಂದ ಹೇಳಿ ತರಿಸುತ್ತಿದ್ದಳು ಎಂದು ಸುನಂದಮ್ಮ ಬಡಿಸುತ್ತಲೇ ಹೇಳಿದರು. ಹೇಳುತ್ತಾ ಟ್ರಂಕಿನಿಂದ ಒಂದು ಬಟ್ಟೆಯ ಗಂಟು ತೆಗೆದು, ತಂಗಿ ಬಿಟ್ಟುಹೋಗಿದ್ದ ಕೆಂಪು ಬಳೆಗಳನ್ನು ಎಲೆಯ ತುದಿಗಿಟ್ಟರು. ನಾನು ಆ ಫೋಟೋ ನೋಡುತ್ತಿದ್ದೆ. ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಧೂಪ ಹಾಕಿದೆವು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಸುನಂದಮ್ಮ ಅಡ್ಡಬಿದ್ದವರು ಏಳಲಿಲ್ಲ.

"ತಡ ಮಾಡ್ಬುಟ್ಟೆ ಕಣೆ ಮಂಗಳಿ. ಸಿಟ್ಟಾಗ್ಬೇಡ. ಬತ್ತೀಯೇನೋ ಅಂತ ಕಾಯ್ತಿದ್ದೆ. ಉಣ್ಣು ಕಣವ್ವ."

ನಾನೇ ಭುಜ ಹಿಡಿದು ಎಬ್ಬಿಸಿದೆ. ಬಾಗಿಲು ಮುಚ್ಚಿ, ತುತ್ತು ಅನ್ನ ಮೀನನ್ನು ಎಲೆಯ ಚೂರಿನಲ್ಲಿ ಹಿತ್ತಲ ಗೋಡೆಯ ಮೇಲಿಟ್ಟು, ಎಲ್ಲಿಗೂ ಹೋಗದ ಆ ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ಅಲ್ಲಿಂದ ಹಿತ್ತಲು ಕಾಣುತ್ತದೆ.

ಎಷ್ಟೋ ಮನೆಗಳಲ್ಲಿ ಕಾ ಕಾ ಎಂದು ಕರೆದು ಕರೆದು ಗಂಟಲು ಒಣಗಿದರೂ ಕಾಗೆ ಬರುವುದಿಲ್ಲ. ಇಲ್ಲಿ ನಾವು ಕರೆಯಲಿಲ್ಲ. ಎಲ್ಲಿತ್ತೋ, ಒಂದು ಕಾಗೆ ನೇರವಾಗಿ ಬಂದು ಕೂತು, ಅತ್ತಿತ್ತ ನೋಡದೆ ಅನ್ನಕ್ಕೆ ಬಾಯಿ ಹಾಕಿತು. ಸುನಂದಮ್ಮ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡರು. ಆಗ ಅತ್ತರು. ಅಷ್ಟು ವರ್ಷದ್ದನ್ನೂ ಒಟ್ಟಿಗೆ ಅತ್ತರು, ಜೊತೆಗೆ ನಾನೂ ಅತ್ತೆ.

ನಮ್ಮೆದುರಿಗೇ ಮೇಷ್ಟ್ರು ಹಾದುಹೋದರು. ಕೈಯಲ್ಲಿ ಹಾರ್ಮೋನಿಯಂ ಪೆಟ್ಟಿಗೆ, ಬಗಲಲ್ಲಿ ಬಟ್ಟೆಯ ಚೀಲ. ಸುನಂದಮ್ಮನಿಗೆ ದೂರದಿಂದಲೇ ತಲೆಬಾಗಿ, ಬತ್ತೀನಿ ಅಕ್ಕ ಎಂದರು. ಮುಖ ತೋರಿಸಲಾಗದೆ ಹೋಗುತ್ತಿದ್ದಾರೆ, ರಾತ್ರಿ ನೆಂಟರ ಮನೆಯಲ್ಲಿದ್ದು ಬೆಳಿಗ್ಗೆ ಬಂದಾರು ಎಂದುಕೊಂಡೆ. ಎಡೆ ಎತ್ತದೆ, ಅದೂ ಅಮಾವಾಸ್ಯೆಯ ದಿನ, ನಮ್ಮ ಕಡೆ ಯಾರೂ ಮನೆ ಬಿಟ್ಟು ಹೊರಡುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಬಾಗಿಲು ತಟ್ಟಿ ಒಳಗೆ ಹೋದೆವು. ಸುನಂದಮ್ಮನ ಮುಖ ತೊಳೆದಿಟ್ಟ ಹಾಗೆ ತಿಳಿಯಾಗಿತ್ತು. ತಂಗಿಯ ಎಲೆಯ ಮುಂದೆ ಕೂತು, ಬಾಡಿದ ಹೂವನ್ನು ಸರಿಪಡಿಸಿದರು. ಆಗ ನನಗೆ ಬ್ಯಾಗಿನಲ್ಲಿದ್ದ ಬಳೆ ನೆನಪಾಯಿತು. ಎಡೆಯಿಂದ ಕದ್ದದ್ದು. ಇಟ್ಟುಕೊಳ್ಳಲು ಮನಸ್ಸಾಗಲಿಲ್ಲ. ಸಾಕ್ಷಿಯಂತೂ ಇನ್ನು ಬೇಕಿರಲಿಲ್ಲ, ಮೇಷ್ಟ್ರೇ ಒಪ್ಪಿಕೊಂಡಿದ್ದರು.

ಮೇಷ್ಟ್ರು ಇಟ್ಟಿದ್ದ ಬಳೆಯಲ್ಲೊಂದನ್ನು ಹೇಳದೆ ತಂದುಬಿಟ್ಟೆ, ಇದೂ ಮಂಗಳಾಳದ್ದೇ, ಇಲ್ಲೇ ಇರಲಿ ಎಂದು ಅದನ್ನು ಕೆಂಪು ಬಳೆಗಳ ಪಕ್ಕ ಇಡಲು ಹೋದೆ.

ನನ್ನ ಕೈ ಜಾರಿತು. ಹಸಿರು ಬಳೆ ಕೆಂಪು ಬಳೆಯೊಳಗೆ ಬಿತ್ತು. ಬಿದ್ದು, ಸುತ್ತಲೂ ಬೆರಳಗಲ ಜಾಗ ಬಿಟ್ಟು ಸಲೀಸಾಗಿ ಕೂತುಕೊಂಡಿತು.

ಇಬ್ಬರೂ ಅದನ್ನೇ ನೋಡಿದೆವು.

ಸುನಂದಮ್ಮ ಅದನ್ನೆತ್ತಿ ತಮ್ಮ ಕೈಗೆ ತೊಡಲು ನೋಡಿದರು. ಸವೆದು ಕಡ್ಡಿಯಾಗಿದ್ದ ಆ ಕೈಯಲ್ಲೂ ಅದು ಹೆಬ್ಬೆರಳ ಗೆಣ್ಣಿಗೇ ನಿಂತುಬಿಟ್ಟಿತು. ಹದಿನೈದು ಹದಿನಾರರ ಹುಡುಗಿಯ ಬಳೆ. ನನಗೆ ಪೆಪ್ಪರಮಿಂಟಿನ ಪೊಟ್ಟಣ ನೆನಪಾಯಿತು. ಸಿಹಿ ಕಂಡರಾಗದವಳ ಎಲೆಯಲ್ಲಿ ಪೆಪ್ಪರಮಿಂಟು, ಬೀಡಿ ಇಲ್ಲ. ಪಾಪದ ಕೂಸು ಎಂದಿದ್ದರು ಮೇಷ್ಟ್ರು. ಮಂಗಳಾ ಎಂಬ ಹೆಸರನ್ನು ಅವರು ಆಡಿಯೇ ಇರಲಿಲ್ಲ, ಆಡಿದವಳು ನಾನು.

ಓಡಿದೆ. ಮೇಷ್ಟ್ರ ಕೋಣೆಯ ಬಾಗಿಲು ಹಾರುಹೊಡೆದಿತ್ತು. ಅಪ್ಪನ ಎಲೆ, ಅವ್ವನ ಎಲೆ ಹಾಗೇ ಇದ್ದವು. ಹಸಿರು ಬಳೆಯ ಎಲೆ ಇದ್ದ ಜಾಗದಲ್ಲಿ ಬರೀ ಒದ್ದೆ ನೆಲ. ಬಳೆ, ಕಣ, ಹೂವು, ಎಲೆ ಸಮೇತ ಹೊತ್ತುಕೊಂಡು ಹೋಗಿದ್ದರು. ಸತ್ತದ್ದು ಬೇರೆ ಯಾವುದೋ ಹುಡುಗಿ, ನಾನು ಕೊಟ್ಟ ತಪ್ಪು ಹೆಸರಿನ ಮರೆಯಲ್ಲಿ ಮೇಷ್ಟ್ರು ಜಾರಿಕೊಂಡಿದ್ದರು.

ವಾಪಸು ಬಂದಾಗ ಸುನಂದಮ್ಮ ಕೂತಲ್ಲೇ ಕೂತಿದ್ದರು. ಬಸ್ಸು ಹತ್ತಿಸಿದ್ದು ಸುಳ್ಳಲ್ಲ ಎಂಬ ಮಾತನ್ನು ಆಕೆಗೆ ಹೇಳಲೇಬೇಕಾಯಿತು. ಹೇಳಿದೆ.

"ಅಂಗಾರೆ ಬದ್ಕವ್ಳಾ?"

ಗೊತ್ತಿಲ್ಲಮ್ಮ ಎಂದೆ.

"ಬದ್ಕಿರೋಳ್ಗೆ ಎಡೆ ಇಡ್ಸ್‌ಬುಟ್ಯಾ ನನ್ ಕೈಲಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಬೈಯಲಿಲ್ಲ. ಎಲೆಯ ತುದಿಯಿಂದ ತಂಗಿಯ ಕೆಂಪು ಬಳೆಗಳನ್ನು ಒಂದೊಂದಾಗಿ ಎತ್ತಿ, ಸೆರಗಿನಿಂದ ಒರೆಸಿ ಒರೆಸಿ ಮಡಿಲಿಗೆ ಹಾಕಿಕೊಂಡರು. ಎಲೆಯಲ್ಲಿ ಹಸಿರಿನದೊಂದೇ ಉಳಿಯಿತು. ಹಿತ್ತಲ ಗೋಡೆಯ ಮೇಲೆ ಕಾಗೆ ತಿಂದು ಬಿಟ್ಟ ಎಲೆಯ ಚೂರು ಗಾಳಿಗೆ ಅಲುಗುತ್ತಿತ್ತು. ಆಕೆ ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಕರೀದೇನೆ ಬಂತಲ್ಲವ್ವ ಕಾಗೆ. ಮಂಗಳಿ ಅಲ್ದಿದ್ರೆ, ಉಂಡ್ಕೊಂಡೋದೋಳು ಯಾರು?"